ಕೆಮ್ಮದಾಕಿ

ನಮ್ಮೂರಾಗ ಕೆಮ್ಮು ಅಂದ್ರ ರೋಗ ಅಲ್ಲ, ಹಾಜರಿ.
ಬ್ಯಾಡಗಿ ಸ್ಟೇಷನ್ನಿನಾಗ ರೈಲು ನಿಂತ್ರ
ಕಿಡಕಿ ಕಡೆ ಕುಂತವರು ಮೊದಲು ಸೀನತಾರ,
ಆಮ್ಯಾಲ ಬೋರ್ಡು ಓದತಾರ.

ತಗಡಿನ ಶೆಡ್ಡಿನಾಗ ನಾವು ಹನ್ನೊಂದು ಮಂದಿ.
ಮೂಗಿಗೆ ಸೆರಗು ಬಿಗದು, ಕೈಗೆ ಎಣ್ಣಿ ಹಚ್ಚಿ
ಡಬ್ಬಿ ಕಾಯಿಯ ತುಂಬು ಬಿಡಸತೀವಿ.
ಮುಕಾದಮ ಮೈಲಾರಪ್ಪಗ ಕಣ್ಣು ಮಂಜು,
ಕೆಮ್ಮು ಕೇಳೇ ಹೆಸರು ಬರಕೋತಾನ:
ತಗಡು ಬಡದಂಗ ಕೆಮ್ಮಾಕಿ ಚೆಂಬವ್ವ,
ಮೂರು ಕೆಮ್ಮಿ ನಾಕನೇದ್ದು ನುಂಗಾಕಿ ಜೈತುನಬಿ,
ಕೆಮ್ಮತಾನ ನಗಾಕಿ ಸಣ್ಣ ನೀಲಾ.

ಮಾಘದ ಒಂದು ಗುರುವಾರ. ಟೆಂಡರಿನ ದಿನ.
ಚೀಲ ರಸ್ತೆತನಕ ಬಂದು ಮಲಗಿದ್ದವು.
ಸಂಜಿಮುಂದ ತೂಕಕ್ಕ ನಿಂತ್ರ
ಗುಂಪಿ ಹನ್ನೆರಡು,
ಕೆಮ್ಮು ಹನ್ನೊಂದು.

ಮೂಲ್ಯಾಗ ಕುಂತಿದ್ಲು ಆಕಿ.
ಮೂಗಿಗೆ ಸೆರಗಿಲ್ಲ, ಕೈಗೆ ಎಣ್ಣಿ ಇಲ್ಲ,
ಬೆರಳು ಮಾತ್ರ ಬೆವತಿದ್ದವು,
ಕೋಲ್ಡ್ ಸ್ಟೋರೇಜಿನಿಂದ ಆಗಷ್ಟ ತೆಗದ ಚೀಲ ಬೆವತಂಗ.
ಯಾವೂರು ಯವ್ವಾ, ಅಂದ್ಲು ಚೆಂಬವ್ವ.
ಕಾಯಿ ಬಿಡಸೂದು ನಿಲ್ಲಸಲಿಲ್ಲ.
"ಒಳಗಿನಾಕಿ," ಅಂದ್ಲು.

ನಾನು ಮುಖ ನೋಡಲಿಲ್ಲ. ದನಿ ಸಾಕಾತು.

ಶುಕ್ರವಾರ ಚೆಂಬವ್ವ ಕೆಮ್ಮಲಿಲ್ಲ.
ಆರಾಮ ಅನಸ್ತೈತಿ ಬೇ, ಎದಿ ತಣ್ಣಗಾಗೇತಿ, ಅಂದ್ಲು.
ಶನಿವಾರ ಜೈತುನಬಿ. ನುಂಗಾಕ ನಾಕನೇದ್ದು ಬರಲೇ ಇಲ್ಲ.
ಸಣ್ಣ ನೀಲಾ ಬರೇ ನಕ್ಕಳು,
ಅದರ ಕೂಡ ಬರೂದು ಬರಲಿಲ್ಲ.
ಆಮ್ಯಾಲ ಹಮಾಲರು, ಲಾರಿ ಡ್ರೈವರ್‌ಗಳು,
ಚಹಾದ ಅಂಗಡಿ ಹುಸೇನಸಾಬ,
ಸಾಲ್ಯಾಗ ಪ್ರಾರ್ಥನಾಕ್ಕ ನಿಂತ ಹುಡುಗೂರು.
ಕೆಮ್ಮಿನ ಔಷಧದ ಬಾಟ್ಲಿ ಮ್ಯಾಲ ಧೂಳು ಕುಂತ್ವು.
ಊರು ಭಾಳ ಶಾಂತ ಆಗೇತಿ ಅಂತ
ಹೊರಗಿನ ಅಡತಿ ಮಂದಿ ಹೊಗಳಿ ಹೋದ್ರು.
ಹೋಗುಮುಂದ ಅವರೂ ಕೆಮ್ಮಲಿಲ್ಲ.

ಅಮಾಸಿ ರಾತ್ರಿ ನಮ್ಮತ್ತಿ
ಕೂಸಿಗೆ ಐದು ಕಾಯಿ ನಿವಾಳಿಸಿ ಒಲಿಗೆ ಒಗದ್ಲು.
ಘಾಟು ಬರಲಿಲ್ಲ.
ದೃಷ್ಟಿ ಆಗೇತಿ ಅಂತ ಬೊಗಸಿ ಒಗದ್ಲು.
ಬರಲಿಲ್ಲ.
ಮೊರ ಸುರದ್ಲು. ಹೊಗಿ ಕೆಂಪಗ ಎದ್ದು,
ಜಂತಿ ಮುಟ್ಟಿ, ಓಣಿಗಿಳದು, ಮನಿಮನಿ ತುಂಬಿತು.
ಒಂದು ನಾಯಿಯೂ ಸೀನಲಿಲ್ಲ.
ಕೂಸು ಹೊಗಿಯೊಳಗ ಕಣ್ಣು ತಕ್ಕೊಂಡು
ಮೂಲಿ ಕಡೆ ಕೈಚಾಚಿ ನಗತಿತ್ತು.
ಅತ್ತಿ ನನ್ನ ಕಡೆ ತಿರುಗಿ ಕೇಳಿದ್ಲು,
"ನೀ ಒಬ್ಬಾಕೆನ ಯಾಕ ಕೆಮ್ಮಾಕ ಹತ್ತೀಯ?"

ಹೇಳಬೇಕು. ಇನ್ನ ಕೇಳಾಕ ಯಾರದಾರ.
ಹ್ವಾದ ವರ್ಷ ನಾವು ಹನ್ನೆರಡು ಮಂದಿ ಇದ್ವಿ.
ಬಸುರಿ ಇದ್ಲು ದುರಗವ್ವ. ಕಾಲು ಬಾತಿದ್ದವು.
ಸ್ಟೋರೇಜಿನ ನಾಕನೇ ಖೋಲ್ಯಾಗ, ಚೀಲದ ಹಿಂದ,
ಒಂದು ಗಳಿಗಿ ಕಣ್ಣು ಮುಚ್ಚತೀನಿ ಅಕ್ಕಾ ಅಂದಿದ್ಲು.
ಬಾಗಲಾ ಹಾಕೂ ಮುಂದ ಮೈಲಾರಪ್ಪ ಎಣಿಸಿದ.
ಆಕಿ ಪಗಾರ ಕಡಿಬಾರದು ಅಂತ, ಅಷ್ಟ,
ನಾನು ಎರಡು ಸಲ ಕೆಮ್ಮಿದೆ.
ಒಂದು ನಂದು.
ಹನ್ನೆರಡೂ ಬಂದ್ವು ಅಂತ ಅವ ಕೀಲಿ ತಿರುವಿದ.
ಎಬ್ಬಸಬೇಕಿತ್ತು. ಮನಿಗೆ ಬಂದು ರೊಟ್ಟಿ ಬಡಿಯೂಮುಂದ ನೆನಪಾತು.
ಮಳಿ ಇರಲಿಲ್ಲ. ಕತ್ತಲಿ ಇತ್ತು. ಹೋಗಲಿಲ್ಲ.

ಈಗ ಊರಾಗ ನನ್ನದೊಂದ ಎದಿ ಸುಡತೈತಿ.
ರಾತ್ರಿ ಸೆರಗು ಬಾಯಾಗ ತುರುಕೇನಿ,
ಬೆಲ್ಲ ಕಚ್ಚೇನಿ, ಉಸಿರು ಹಿಡದೇನಿ.
ಬಾಗಲದ ಸಂದ್ಯಾಗಿಂದ ನೆಲದ ಮ್ಯಾಲ
ನೀರು ತಣ್ಣಗ ಹರದು ಬರತೈತಿ.
ತಡಿಯಾಕಾಗದ ಕೆಮ್ಮಿದೆ.

"ಒಂದು," ಅಂತು ಹೊರಗಿನ ದನಿ.
ಜೋಡಿ ಒಂದು ಸಣ್ಣ ದನಿಯೂ ಎಣಿಸಿತು.
ಆಮ್ಯಾಲ ಇಬ್ಬರೂ ಸುಮ್ಮನ ನಿಂತ್ರು,
ಎರಡನೇದ್ದಕ್ಕ.